ನಡಿಗೆ ಪುಸ್ತಕದ ಮೇಷ್ಟ್ರು

ಗುರುಮಲ್ಲಪ್ಪ ಮೇಷ್ಟ್ರು ನಾಟಕದ ಮಾತು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಡಿಗೆ ನೋಡುವಾಗ ಎರಡೂ ಕಿವಿಗೆ ಬೆರಳು ತುರುಕಿಕೊಳ್ಳುತ್ತಿದ್ದರು. "ಕಣ್ಣಿಗೂ ಕಿವಿಗೂ ಒಟ್ಗೆ ಕೆಲ್ಸ ಕೊಟ್ರೆ ಅದು ನೋಡ್ಕತದೆ ಅಂತ ಇದು, ಇದು ನೋಡ್ಕತದೆ ಅಂತ ಅದು, ಎರಡೂ ಮೈಗಳ್ಳ ಆಯ್ತವೆ ಕಣ್ಲಾ" ಅನ್ನೋರು. ನಾವು ಎದೆ ಒಡೆಯುವ ಹಾಗೆ ಕೂಗಿ, ಅತ್ತು, ನೆಲಕ್ಕೆ ಬಿದ್ದು, ಎಲ್ಲ ಮುಗಿಸಿ ನಿಂತರೆ ಒಂದು ಕಣ್ಣು ಮಾತ್ರ ತೆರೆದು ಒಂದೇ ಮಾತು ಹೇಳುತ್ತಿದ್ದರು: "ನಂಬ್ನಿಲ್ಲ."

ಅಷ್ಟೇ. ಚೆನ್ನಾಗಿದೆ ಅಂತಲೂ ಇಲ್ಲ, ಕೆಟ್ಟದಾಗಿದೆ ಅಂತಲೂ ಇಲ್ಲ. ನಂಬ್ನಿಲ್ಲ, ಇನ್ನೊಂದ್ಸಲ. ಇಡೀ ಹೈಸ್ಕೂಲಿನಲ್ಲಿ ಅವರ ಹೆಸರೇ "ನಂಬ್ನಿಲ್ಲ ಮೇಷ್ಟ್ರು" ಅಂತಾಗಿತ್ತು. ಅದು ಅವರಿಗೂ ಗೊತ್ತಿತ್ತು. ಗೊತ್ತಿದೆ ಅಂತ ನಾವು ಹೇಳಿದ್ದರೆ ಅದನ್ನೂ ಅವರು ನಂಬುತ್ತಿರಲಿಲ್ಲ.

ನಾಟಕದಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅನುಮಾನ ಅನ್ನುವುದು ಆ ಮನುಷ್ಯನ ರಕ್ತದಲ್ಲೇ ಇತ್ತು. ಹಿಟ್ಟಿನ ಮಿಲ್ಲಿನ ಹಿಂದೆ ಒಂದು ರೂಮು ಮಾಡಿಕೊಂಡಿದ್ದರು. ಬೆಳಿಗ್ಗೆ ಬೀಗ ಹಾಕಿ ಐದು ಸಲ ಎಳೆದು ನೋಡುತ್ತಿದ್ದರು, ಮಿಲ್ಲಿನ ಬಾಗಿಲವರೆಗೆ ಬಂದು ಮತ್ತೆ ವಾಪಸ್ಸು ಹೋಗಿ ಎಳೆಯುತ್ತಿದ್ದರು. ಬಸ್ಸಿನ ಹಣೆ ಮೇಲೆ ತಾಳವಾಡಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ಡ್ರೈವರನ್ನು ಒಂದು ಸಲ, ಕಂಡಕ್ಟರನ್ನು ಒಂದು ಸಲ, ಒಳಗೆ ಕೂತ ಯಾವುದಾದರೂ ಅಜ್ಜಿಯನ್ನು ಒಂದು ಸಲ ಕೇಳಿಯೇ ಹತ್ತುವುದು. ಜ್ವರ ಸಾರ್ ಅಂತ ಯಾರಾದರೂ ರಜೆ ಕೇಳಿದರೆ ಹಣೆ ಮುಟ್ಟುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. "ಮೊಕ ಸುಳ್ಳು ಯೋಳ್ತದೆ, ಬಾಯಿ ಸುಳ್ಳು ಯೋಳ್ತದೆ. ಕಾಲಿಗೆ ಸುಳ್ಳು ಬರಕ್ಕಿಲ್ಲ. ಜ್ವರ ಬಂದೋನು ಇಂಗೆ ತುದಿಗಾಲಲ್ಲಿ ನಿಂತ್ಕತಾನಾ? ಓಗಿ ಕೂತ್ಕ." ಪಾಪದ ಹುಡುಗ ಓಗಿ ಕೂತ್ಕೊಳ್ಳುತ್ತಿದ್ದ. ಅವನಿಗೆ ನಿಜವಾಗಿಯೂ ಜ್ವರ ಇರಲಿಲ್ಲ ಅನ್ನುವುದು ಬೇರೆ ವಿಷಯ.

ನಾನು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ, ಎರಡು ಸಾವಿರದ ಒಂದರಲ್ಲಿ, ಅವರು ನಮ್ಮೂರಿಗೆ ಬಂದರು. ಸರ್ಕಾರ ಕಳಿಸಿದವರಲ್ಲ. ತಮಿಳುನಾಡಿಗೆ ಸೇರಿದ ಈ ಗಡಿಯಲ್ಲಿ ಕನ್ನಡದಲ್ಲಿ ಚರಿತ್ರೆ ಪಾಠ ಹೇಳಲು ಜನ ಇಲ್ಲವೆಂದು ನಮ್ಮ ಊರಿನ ಪೋಷಕರ ಸಂಘವೇ ಕೊಳ್ಳೇಗಾಲದ ಕಡೆಯಿಂದ ಹುಡುಕಿ ತಂದಿತ್ತು. ಪಾಠದ ಜೊತೆಗೆ ಶುಕ್ರವಾರದ ಕೊನೆಯ ಪೀರಿಯಡ್ಡು ನಾಟಕಕ್ಕೆ ಬೇಕು ಅಂತ ಹೆಡ್ಮಾಸ್ಟರ ಹತ್ತಿರ ಹಟ ಮಾಡಿ ತೆಗೆದುಕೊಂಡರು. ಬುಧವಾರ ಶಾಲೆ ಬಿಟ್ಟ ಮೇಲೆ ನಾಟಕದ ಕೂಟ. ಹದಿನಾಲ್ಕು ಜನ ಸೇರಿದೆವು. ಗೆಟ್ಟವಾಡಿಯಿಂದ ಬರುವವರೂ ಇದ್ದರು, ದೊಡ್ಡಗಾಜನೂರಿನವರೂ ಇದ್ದರು.

ಊರಿನವರಿಗೆ ಅವರ ಮೇಲೆ ಮೊದಲ ದಿನದಿಂದಲೇ ಗುಮಾನಿ. ನಮ್ಮಜ್ಜಿ ಎಲೆಯಡಿಕೆ ಜಗಿಯುತ್ತಾ ಕೇಳಿದಳು: "ಅಲ್ಲಾ, ಕೊಳ್ಳೇಗಾಲದಲ್ಲಿ ಇಸ್ಕೂಲಿಲ್ವಾ? ಈ ಆನೆ ತಿರುಗೋ ಊರ್ಗೆ ಯಾವ ಬುದ್ಧಿ ಇರೋನು ತಾನಾಗಿ ಬತ್ತಾನೆ?"

ಅಜ್ಜಿಯ ಮಾತಿನಲ್ಲಿ ತಪ್ಪಿರಲಿಲ್ಲ. ಆ ಕಾಲವೇ ಹಾಗಿತ್ತು. ಕಾಡಿನಲ್ಲಿ ಅಡಗಿದ್ದವರನ್ನು ಹಿಡಿಯುತ್ತೇವೆಂದು ಎರಡು ರಾಜ್ಯದ ಪೊಲೀಸರು ಬೀಡುಬಿಟ್ಟಿದ್ದರು. ಹಾಸನೂರಿನ ದಾರಿಯಲ್ಲೂ ತನಿಖೆ, ನಮ್ಮೂರ ಕವಲಿನಲ್ಲೂ ತನಿಖೆ. ಕಾಡಿನವರಿಗೆ ಅಕ್ಕಿ ಕೊಟ್ಟೆ ಅಂತ ಇವರು ಕೇಳುತ್ತಾರೆ, ಪೊಲೀಸಿಗೆ ಸುದ್ದಿ ಕೊಟ್ಟೆ ಅಂತ ಅವರು ಕೇಳುತ್ತಾರೆ. ಹೊಸ ಮುಖ ಕಂಡರೆ ಜಗಲಿಯ ಮಾತು ನಿಂತುಹೋಗುತ್ತಿತ್ತು. ಟೀ ಅಂಗಡಿಯಲ್ಲಿ ಜನ ಮಳೆಬೆಳೆ ಬಿಟ್ಟು ಬೇರೆ ಏನೂ ಆಡುತ್ತಿರಲಿಲ್ಲ, ಅದೂ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಿಕೊಂಡು. ಅಂಥಾ ಊರಿಗೆ, ಯಾರನ್ನೂ ನಂಬದ ಮೇಷ್ಟ್ರು ಬಂದಿದ್ದರು. ಸರಿಯಾದ ಜೋಡಿ.

ಅವರಿಗೆ ಇದ್ದ ಒಬ್ಬನೇ ಸ್ನೇಹಿತ ಮಿಲ್ಲಿನ ಬಸವಣ್ಣ. ಸಾಯಂಕಾಲ ಮಿಲ್ಲಿನ ಮುಂದೆ ಕಲ್ಲಿನ ಮೇಲೆ ಇಬ್ಬರೂ ಕೂತಿರುತ್ತಿದ್ದರು. ಬಸವಣ್ಣನ ಹುಬ್ಬಿನ ಮೇಲೆಲ್ಲ ಹಿಟ್ಟು. ಬಾಯಿ ಮಾತ್ರ ಮಿಲ್ಲಿಗಿಂತ ಜೋರು, ನಿಲ್ಲಿಸಲು ಸ್ವಿಚ್ಚಿರಲಿಲ್ಲ. ಇವರು ಅವನು ಹೇಳಿದ್ದಕ್ಕೆಲ್ಲ ನಂಬ್ನಿಲ್ಲ ನಂಬ್ನಿಲ್ಲ ಅನ್ನುತ್ತಾ ಕಡ್ಲೆಪುರಿ ತಿನ್ನುತ್ತಿದ್ದರು.

ಇನ್ನು ಅವರ ನಡಿಗೆ ಪುಸ್ತಕದ ವಿಷಯ ಹೇಳಬೇಕು. ಬೇರೆ ಶಾಲೆಯ ಮಕ್ಕಳು ನಾಟಕ ಅಂದರೆ ಮಾತು ಬಾಯಿಪಾಠ ಮಾಡುತ್ತಾರೆ. ನಮಗೆ ಮೇಷ್ಟ್ರು ಮೂರು ತಿಂಗಳು ಮಾತೇ ಕೊಡಲಿಲ್ಲ. ಒಬ್ಬೊಬ್ಬರಿಗೂ ಒಂದು ನಲವತ್ತು ಪುಟದ ನೋಟ್‌ಬುಕ್ಕು. ಊರಿನ ಒಬ್ಬ ಮನುಷ್ಯನನ್ನು ಆರಿಸಿಕೊಳ್ಳಬೇಕು. ಅವನಿಗೆ ಗೊತ್ತಾಗದ ಹಾಗೆ ವಾರವೆಲ್ಲ ನೋಡಬೇಕು. ಹೇಗೆ ನಡೆಯುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಕೈಯಲ್ಲಿ ಏನಿರುತ್ತದೆ, ಎಲ್ಲ ಬರೆಯಬೇಕು. ಶುಕ್ರವಾರ ಅವನಾಗಿ ನಡೆದು ತೋರಿಸಬೇಕು. ಮೇಷ್ಟ್ರು ಪುಸ್ತಕ ತೆಗೆದುಕೊಂಡು ಹೋಗಿ ಕೆಂಪು ಇಂಕಿನಲ್ಲಿ ಪಕ್ಕದಲ್ಲಿ ಪ್ರಶ್ನೆ ಬರೆದು ವಾಪಸ್ಸು ಕೊಡುತ್ತಿದ್ದರು.

ಅದರಿಂದ ಎಂಥೆಂಥಾ ತಮಾಷೆ ಆಯಿತು ಅಂತೀರಿ! ಸಿದ್ದರಾಜು ಅಂತ ಒಬ್ಬ, ಕಡ್ಡಿ ಹಾಗಿದ್ದ, ಹೆಡ್ಮಾಸ್ಟರನ್ನೇ ಆರಿಸಿಕೊಂಡಿದ್ದ. ಅವನು ಹೊಟ್ಟೆ ಮುಂದೆ ಮಾಡಿ, ಕೀಗೊಂಚಲು ತಿರುಗಿಸುತ್ತಾ, ಎರಡು ಹೆಜ್ಜೆಗೊಮ್ಮೆ ಪಂಚೆ ಸಿಕ್ಕಿಸಿಕೊಳ್ಳುತ್ತಾ ನಡೆಯುತ್ತಿದ್ದಾಗ ಬಾಗಿಲಲ್ಲಿ ಹೆಡ್ಮಾಸ್ಟರೇ ಬಂದು ನಿಂತರು. ನಮಗೆಲ್ಲ ಜೀವ ಬಾಯಿಗೆ ಬಂತು. ಹೆಡ್ಮಾಸ್ಟರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, "ನಮ್ಮ ಆಫೀಸಿನ ಗುಮಾಸ್ತನೇ ಅಲ್ವಾ ಇದು? ತದ್ವತ್ ಕಣ್ರೀ!" ಅಂದು ಹೊರಟುಹೋದರು. ಅವರ ಬೆನ್ನು ಮರೆಯಾದ ಮೇಲೆ ಮೇಷ್ಟ್ರು ಕಿವಿಯಿಂದ ಬೆರಳು ತೆಗೆದು, "ನಂಬ್ದೆ ಕಣ್ಲಾ ಸಿದ್ದರಾಜ" ಅಂದರು. ಆ ವರ್ಷದಲ್ಲಿ ಅವರು ಆ ಮಾತು ಆಡಿದ್ದು ಅದೊಂದೇ ಸಲ.

ನನಗೆ ಹೊಟ್ಟೆ ಉರಿಯಿತು. ಯಾಕೆ ಮುಚ್ಚಿಡಲಿ? ಆ ಒಂದು ಮಾತಿಗಾಗಿ ನಾನು ಏನು ಬೇಕಾದರೂ ಮಾಡಲು ಸಿದ್ಧವಿದ್ದೆ. ಅದರ ಮೇಲೆ ಸತ್ಯಮಂಗಲದಲ್ಲಿ ಶಾಲೆಗಳ ನಾಟಕ ಸ್ಪರ್ಧೆ ಇತ್ತು. ಮೇಷ್ಟ್ರು ಬರೆದ ನಾಟಕದಲ್ಲಿ ದೊಡ್ಡ ಪಾತ್ರ ಒಬ್ಬ ದನ ಕಾಯುವ ಮುದುಕನದು. ಹಸು ಕಳೆದುಹೋಗುತ್ತದೆ, ಅವನೇ ಮಾರಿಕೊಂಡ ಅಂತ ಊರೆಲ್ಲ ಅವನನ್ನು ಅನುಮಾನಿಸುತ್ತದೆ. "ಹುಡುಗಿ ಆಗ್ಲಿ ಹುಡುಗ ಆಗ್ಲಿ, ಯಾರ ದನ ಕಾಯೋ ನಡಿಗೆ ನಾನು ನಂಬ್ತೀನೋ ಅವ್ರೇ ಮುದುಕ" ಅಂತ ಮೇಷ್ಟ್ರು ಹೇಳಿಬಿಟ್ಟಿದ್ದರು.

ನಾನು ಚಿಕ್ಕಪ್ಪನನ್ನು ಆರಿಸಿಕೊಂಡೆ. ಪುಟ್ಟಮಾದ ಅಂತ ಅವನ ಹೆಸರು, ಅಪ್ಪನ ತಮ್ಮ. ಮೈನೆರೆದ ಮೇಲೆ ಹೆಣ್ಣುಮಗಳಿಗೆ ಇಸ್ಕೂಲು ಯಾಕೆ ಅಂತ ಮನೆಯಲ್ಲಿ ಮಾತು ಬಂದಾಗ, "ನಾನು ಗೇಯ್ತೀನಿ, ಅದು ಓದ್ಲಿ ಬುಡಿ" ಅಂತ ನಿಂತವನು ಅವನೊಬ್ಬನೇ. ಅವನಿಗೆ ಆರು ಹಸು. ಕಾಡಂಚಿನ ದೊಡ್ಡಿಯಲ್ಲಿ ಕಟ್ಟುತ್ತಿದ್ದ. ಕಾಡಿಗೆ ದನ ಬಿಡಬಾರದು ಅಂತ ಕಾಯಿದೆ ಬಂದಿದ್ದರಿಂದ ಅದು ಕದ್ದುಮುಚ್ಚಿ ನಡೆಯುವ ಬಾಳು. ಸೋಮವಾರ, ಗುರುವಾರ ಹೊತ್ತು ಇಳಿಯುವಾಗ ಉಪ್ಪು, ಬೂಸಾ ಚೀಲ ಹೆಗಲಿಗೆ ಹಾಕಿಕೊಂಡು ಹೊಲದ ಬೇಲಿ ಪಕ್ಕದಲ್ಲೇ ಹೋಗುತ್ತಿದ್ದ.

ಅವನ ನಡಿಗೆ ಹೇಗೆಂದರೆ, ಹತ್ತು ಹನ್ನೆರಡು ಹೆಜ್ಜೆ ಬಿರುಸು, ಆಮೇಲೆ ತಟಕ್ಕನೆ ನಿಲ್ಲುವುದು. ಗಲ್ಲ ಎತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುವುದು. ಹೆಗಲು ಕುಪ್ಪಳಿಸಿ ಚೀಲ ಸರಿಮಾಡಿಕೊಂಡು ಮತ್ತೆ ಹತ್ತು ಹೆಜ್ಜೆ. ನಾನು ಎಲ್ಲ ಬರೆದುಕೊಂಡು ಶುಕ್ರವಾರ ಗೋಣಿಚೀಲ ಹೊತ್ತು ನಡೆದೆ.

"ನಂಬ್ನಿಲ್ಲ" ಅಂದರು. "ಚೀಲ ಖಾಲಿ ಕಣಮ್ಮಿ ನಿಂದು. ನಿನ್ನ ಸೊಂಟಕ್ಕೆ ಅದು ಗೊತ್ತದೆ. ಮತ್ತೆ ಗಲ್ಲ ಎತ್ತಿದ್ಯಲ್ಲ, ಯಾಕೆ ಎತ್ತಿದೆ?" ಅಂತ ಕೇಳಿದರು.

"ಚಿಕ್ಕಪ್ಪ ಎತ್ತಾನೆ ಸಾರ್."

"ಅವ್ನು ಯಾಕೆ ಎತ್ತಾನೆ?"

ಪುಸ್ತಕ ವಾಪಸ್ಸು ಬಂದಾಗ ಪಕ್ಕದಲ್ಲೆಲ್ಲ ಕೆಂಪು. "ಎಷ್ಟು ಗಂಟೆಗೆ ಹೊರಡುತ್ತಾನೆ? ಯಾವ ದಾರಿ? ಎಲ್ಲೆಲ್ಲಿ ನಿಲ್ಲುತ್ತಾನೆ? ಚೀಲದಲ್ಲಿ ಏನು, ಎಷ್ಟು ಭಾರ? ಯಾರಿಗೆ ಹೆದರುತ್ತಾನೆ?"

ನಾನು ಉತ್ತರ ಹುಡುಕಿಕೊಂಡು ಗುರುವಾರ ಚಿಕ್ಕಪ್ಪನ ಹಿಂದೆಯೇ ಬೇಲಿ ಮರೆಯಲ್ಲಿ ಹೋದೆ. ಎರಡನೇ ಹೊಲ ದಾಟುವುದರೊಳಗೆ ಸಿಕ್ಕಿಬಿದ್ದೆ. ಬೈಯುತ್ತಾನೆ ಅಂದುಕೊಂಡೆ. ಅವನು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದ: "ಸದ್ದು ಮಾಡ್ಬೇಡ. ಮೂಗೆತ್ತು. ಏನಾರ ವಾಸ್ನೆ ಬತ್ತದಾ? ಅಸಿ ಲದ್ದಿ ವಾಸ್ನೆ?" ಆನೆ. ಅವನು ನಿಲ್ಲುತ್ತಿದ್ದದ್ದು ಆನೆ ವಾಸನೆ ಹಿಡಿಯಲು. ಗಾಳಿ ಎತ್ತಲಿಂದ ಬರುತ್ತದೋ ಅತ್ತ ಮೂಗು. ಗೊತ್ತಾದ ಮೇಲೆ ನನ್ನ ಗಲ್ಲ ತಾನಾಗಿ ಎದ್ದಿತು, ನನ್ನ ಕಾಲು ತಾನಾಗಿ ನಿಂತಿತು. ಆಹಾ, ಆ ದಿನದ ಖುಷಿ! ಮುಂದಿನ ವಾರದ ಶುಕ್ರವಾರ ಮೇಷ್ಟ್ರಿಗೆ ತೋರಿಸಬೇಕೆಂದು ಚೀಲಕ್ಕೆ ಮರಳು ತುಂಬಿಕೊಂಡು ಹಿತ್ತಿಲಲ್ಲಿ ನಾಲ್ಕು ದಿನ ನಡೆದೆ.

ಮುಂದಿನ ಮಾತು ಹೇಳಲು ನನಗೆ ಎಂಟು ವರ್ಷ ಬಾಯಿ ಬರಲಿಲ್ಲ.

ಹೈಸ್ಕೂಲು ಇದ್ದದ್ದು ಕವಲಿನಾಚೆ, ಹೋಗಿಬರುವಾಗ ಅಲ್ಲಿನ ತನಿಖೆ ಜಾಗದಲ್ಲಿ ನಮ್ಮ ಬಸ್ಸು ದಿನಾ ನಿಲ್ಲುತ್ತಿತ್ತು. ಗಂಡಸರನ್ನು ಇಳಿಸಿ ಚೀಲ ನೋಡುವವರೆಗೆ ನಾವು ಮಕ್ಕಳು ಹುಣಸೆಮರದ ಕೆಳಗೆ ನಿಲ್ಲಬೇಕು. ಅಲ್ಲೊಬ್ಬ ಪೊಲೀಸಿನವನಿದ್ದ, ಕೆಳಗಿನ ಸೀಮೆಯವನು, ತಮಿಳಿನವನು. ಒಳ್ಳೆಯವನೇ. ನನ್ನಷ್ಟೇ ವಯಸ್ಸಿನ ಮಗಳು ಊರಲ್ಲಿದ್ದಾಳೆ ಅನ್ನುತ್ತಿದ್ದ. ಇಸ್ಕೂಲಲ್ಲಿ ಇವತ್ತು ಏನು ಕಲಿತಿರಿ ಅಂತ ದಿನಾ ಕೇಳೋನು. ಬುಧವಾರ ಸಾಯಂಕಾಲ ಸಿದ್ದರಾಜು ಹೆಡ್ಮಾಸ್ಟರ ನಡಿಗೆ ತೋರಿಸಿ ಅವನನ್ನು ನಗಿಸಿದ. ನಾನು ಬಿಡುತ್ತೇನೆಯೇ? ಪುಸ್ತಕದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹೊರಟೆ. ಹತ್ತು ಹೆಜ್ಜೆ, ನಿಂತೆ. ಮೂಗೆತ್ತಿದೆ. ಎಡಕ್ಕೆ, ಬಲಕ್ಕೆ. ಹೆಗಲು ಕುಪ್ಪಳಿಸಿದೆ. ಮತ್ತೆ ಹತ್ತು ಹೆಜ್ಜೆ.

ಅವನು ಮೊದಲು ನಕ್ಕ. ಆಮೇಲೆ ನಗು ನಿಂತಿತು. ಪಕ್ಕದವನನ್ನು ಕರೆದು ಇನ್ನೊಂದು ಸಲ ನಡಿ ಅಂದ. ನಾನು ಇನ್ನೂ ಚೆನ್ನಾಗಿ ನಡೆದೆ.

"ಯಾರಮ್ಮಾ ಇದು?" ಅಂತ ಕೇಳಿದ.

"ನಮ್ಮ ಚಿಕ್ಕಪ್ಪ!" ಅಂದೆ. ಎಷ್ಟು ಜಂಬದಿಂದ ಅಂದೆ ಅನ್ನುವುದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೇಷ್ಟ್ರು ನಂಬದ ನಡಿಗೆಯನ್ನು ಅವರಿಬ್ಬರೂ ನಂಬಿದ್ದರು. ದೂರದಿಂದ ದುರ್ಬೀನಿನಲ್ಲಿ ಅದನ್ನು ಅವರು ಎಷ್ಟು ದಿನದಿಂದ ನೋಡುತ್ತಿದ್ದರೋ, ಆಳು ಯಾರೆಂದು ಮಾತ್ರ ಗೊತ್ತಿರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಚೀಲ ಹೊತ್ತು ಕಾಡಿನ ಕಡೆ ಹೋಗುತ್ತಾನೆ, ನಿಂತು ನಿಂತು ಅತ್ತಿತ್ತ ನೋಡುತ್ತಾನೆ. ಅವರ ಲೆಕ್ಕಕ್ಕೆ ಅದು ಕಾಡಿನೊಳಗಿದ್ದವರಿಗೆ ಬುತ್ತಿ.

ಮಾರನೆಯ ದಿನ ಚಿಕ್ಕಪ್ಪನನ್ನು ಬೇಲಿ ಹತ್ತಿರವೇ ಹಿಡಿದು, ವಿಚಾರಣೆ ಅಂತ ಜೀಪಿನಲ್ಲಿ ಕರೆದುಕೊಂಡು ಹೋದರು.

ಅಪ್ಪ, ಊರಿನ ದೊಡ್ಡವರು ತಾಳವಾಡಿಗೆ ಹೋದರು, ಅಲ್ಲಿಂದ ಇನ್ನೆಲ್ಲಿಗೋ ಹೋದರು, ಮನು, ಅಂದರೆ ಅರ್ಜಿ, ಬರೆಸಿ ಕೊಟ್ಟರು. ಯಾರೂ ಉತ್ತರ ಹೇಳಲಿಲ್ಲ. ಊರಿನಲ್ಲಿ ಒಂದೇ ಮಾತು: ಹೇಳಿಕೊಟ್ಟವರು ಯಾರು? ಯಾರ ಮನೆಯ ಬಾಗಿಲಲ್ಲಿ ನಿಂತರೂ ಒಳಗಿನವರು ಹೊರಗಿನವರ ಮುಖವನ್ನೇ ಹುಡುಕುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ. ಕೈ ಕಟ್ಟಿಕೊಂಡು ಕೂತಿದ್ದೆ. ಮೂರನೇ ದಿನ ಅಪ್ಪ ನನ್ನ ಶಾಲೆ ಚೀಲದಲ್ಲಿ ಬಿಳಿ ಹಾಳೆ ಹುಡುಕುವಾಗ ನಡಿಗೆ ಪುಸ್ತಕ ಸಿಕ್ಕಿತು. ಸೋಮವಾರ, ಗುರುವಾರ, ಹೊತ್ತು ಇಳಿಯುವಾಗ. ಯಾವ ದಾರಿ? ಚೀಲದಲ್ಲಿ ಏನು? ಯಾರಿಗೆ ಹೆದರುತ್ತಾನೆ?

ಆ ಸಾಯಂಕಾಲ ಚಾವಡಿಯಲ್ಲಿ ಹದಿನಾಲ್ಕು ಪುಸ್ತಕವೂ ಬಂದು ಬಿದ್ದವು. ನಮ್ಮೂರ, ಸುತ್ತಲ ಊರ ಹದಿನಾಲ್ಕು ಜನ ಎಲ್ಲಿ ಹೋಗುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಕೈಯಲ್ಲಿ ಏನು ಹಿಡಿದಿರುತ್ತಾರೆ, ಎಲ್ಲ ನಮ್ಮ ದುಂಡಕ್ಷರದಲ್ಲಿ ಇತ್ತು. ಪ್ರತಿ ಪುಟಕ್ಕೂ ಕೆಂಪು ಪ್ರಶ್ನೆ. ಮೇಷ್ಟ್ರನ್ನು ಕರೆಸಿದರು. ಬೀಗ ಎಳೆದು ನೋಡದೆ ಬಂದ ದಿನ ಅದೊಂದೇ ಇರಬೇಕು.

"ಈ ಕೆಂಪಕ್ಷರ ನಿಮ್ದಾ ಮೇಷ್ಟ್ರೆ?" ಅಪ್ಪ ಕೇಳಿದ.

"ನಂದೇ."

"ನಮ್ಮ ಪುಟ್ಟಮಾದ ಎತ್ತಾಗಿ ಓಯ್ತಾನೆ, ಚೀಲದಲ್ಲೇನಿತ್ತು, ನಿಮ್ಗ್ಯಾಕೆ ಬೇಕಿತ್ತು?"

"ಭಾರ ಗೊತ್ತಿಲ್ದೆ ನಡಿಗೆ ಬರಕ್ಕಿಲ್ಲ ಗೌಡ್ರೆ. ಭಯ ಗೊತ್ತಿಲ್ದೆ ನಿಲ್ಲಕ್ಕಾಗಕ್ಕಿಲ್ಲ. ನಾಟ್ಕಕ್ಕೆ."

ಹಿಂದಿನಿಂದ ಯಾರೋ ಒಬ್ಬ ಮುದುಕ, ಅಣಕಕ್ಕಲ್ಲ, ತನ್ನ ಪಾಡಿಗೆ ತಾನು ಅಂದ: "ನಂಬ್ನಿಲ್ಲ ಮೇಷ್ಟ್ರೆ."

ಬೇರೆ ದಿನವಾಗಿದ್ದರೆ ಊರೆಲ್ಲ ನಗಬೇಕಾದ ಮಾತು ಅದು. ಮಿಲ್ಲಿನ ಬಸವಣ್ಣ ಅಲ್ಲೇ ಕಂಬಕ್ಕೆ ಒರಗಿದ್ದ. ಅವನ ಬಾಯಿಯೂ ನಿಂತಿತ್ತು. ನಾನು ಅಜ್ಜಿಯ ಸೀರೆ ಹಿಂದೆ ನಿಂತಿದ್ದೆ, ನಾಲಗೆ ಮೇಲೆ ಮಾತಿತ್ತು. ನಾನೇ ತೋರಿಸಿದ್ದು, ಮೇಷ್ಟ್ರಲ್ಲ. ಮೂರು ಪದ. ಸಿದ್ದರಾಜು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಇಬ್ಬರೂ ನೆಲ ನೋಡಿದೆವು. ನನ್ನ ಓದು ನಿಲ್ಲಿಸುತ್ತಾರೆ ಅನ್ನುವ ಭಯವೋ, ಅಪ್ಪ ಕೊಂದೇಬಿಡುತ್ತಾನೆ ಅನ್ನುವ ಭಯವೋ, ಇವತ್ತು ನನಗೇ ಬೇರ್ಪಡಿಸಲು ಬರುವುದಿಲ್ಲ. ಹೇಡಿತನ ಅಂದರೆ ಸಾಕು.

ಪುಸ್ತಕಗಳನ್ನು ಅಲ್ಲೇ ಒಟ್ಟಿ ಸುಟ್ಟರು. ಬೆಳಿಗ್ಗೆ ಮೊದಲ ಬಸ್ಸಿಗೆ ಮೇಷ್ಟ್ರು ಹೊರಟರು. ಯಾರನ್ನೂ ಕೇಳದೆ ಬಸ್ಸು ಹತ್ತಿದರಂತೆ. ಸತ್ಯಮಂಗಲಕ್ಕೆ ನಮ್ಮ ಶಾಲೆಯಿಂದ ಯಾರೂ ಹೋಗಲಿಲ್ಲ.

ಚಿಕ್ಕಪ್ಪ ಹನ್ನೊಂದು ದಿನ ಆದಮೇಲೆ ಬಂದ. ಏನಾಯಿತೆಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಎಡಗಾಲು ಎಳೆಯುತ್ತಿದ್ದ. ದೊಡ್ಡಿ ಬಿಟ್ಟ, ಹಸು ಮಾರಿದ, ಬೇಲಿಯ ಕಡೆಗೆ ಮತ್ತೆ ತಲೆ ಹಾಕಲಿಲ್ಲ. ಎಷ್ಟೋ ದಿನದ ಮೇಲೆ ಊಟ ಮಾಡುತ್ತಾ ಕೂತಿದ್ದಾಗ ಅಪ್ಪ ಮೇಷ್ಟ್ರಿಗೆ ಶಾಪ ಹಾಕಿದ. ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತದೆ, "ಮೇಷ್ಟ್ರು ಅಂಥೋರಲ್ಲ ಬುಡಣ್ಣ" ಅಂದ. ನನಗೆ ನೆತ್ತಿ ಹತ್ತಿತು. ಅವನು ನೀರಿನ ಚೊಂಬು ನನ್ನ ಕಡೆಗೆ ತಳ್ಳಿದ.

ನಾನು ಓದಿದೆ. ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದೆ. ಮಕ್ಕಳ ಮಾತು ಕೇಳುವಾಗ ನನಗೂ ಕಣ್ಣು ಮುಚ್ಚಿಕೊಳ್ಳುವ ಚಟ ಹತ್ತಿತು. ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತೇನೆ, ನನ್ನನ್ನು ಹೆಣ್ಣು ನೋಡಲು ಬಂದವರದ್ದೂ ಕಾಲೇ ನೋಡಿ ಇಬ್ಬರನ್ನು ಬೇಡ ಅಂದೆ. ಅವರಿಂದ ಕಲಿತ ಅನುಮಾನ ನನ್ನ ಮೈಯಲ್ಲೇ ಇದೆ. ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ.

ಎರಡು ಸಾವಿರದ ಒಂಬತ್ತರಲ್ಲಿ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಕಂಡಿದ್ದು ಮೊದಲು ಕಿವಿಗೆ. "ಇದು ಕೊಳ್ಳೇಗಾಲಕ್ಕೇ ಓಗದಾ? ಖಂಡಿತಾನಾ?" ಅಂತ ಒಬ್ಬ ಅಜ್ಜಿಯನ್ನು ಕೇಳುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಚೀಲದ ಜಿಪ್ಪನ್ನು ಎಳೆದು ಎಳೆದು ನೋಡುತ್ತಿದ್ದರು. ನಾನು ಕಾಲು ಮುಟ್ಟಿ ಹೆಸರು ಹೇಳಿದೆ.

"ಮಾದೇವಿಯಾ? ನಂಬ್ನಿಲ್ಲ!" ಅಂದು ನಕ್ಕರು. ಮೊದಲಿನ ಹಾಗೆಯೇ ಒಂದು ಕಣ್ಣು ಸಣ್ಣದು.

ಎರಡು ಬಸ್ಸು ಬಿಟ್ಟು ಕಲ್ಲುಬೆಂಚಿನ ಮೇಲೆ ಕೂತೆವು. ಅವರೇ ಮಾತು ತೆಗೆದರು. "ನಂಗೊತ್ತು ಕಣವ್ವ, ಆ ಪುಸ್ತಕದ ಸುದ್ದಿ ಒರಗೆ ಆಕಿದ್ದು ಬಸವಣ್ಣ. ಅವ್ನ ಬಾಯಿ ನಿಂಗೇ ಗೊತ್ತಲ್ಲ. ಎರಡು ಸಲ ಕೊಳ್ಳೇಗಾಲಕ್ಕೆ ನನ್ನ ನೋಡಾಕೆ ಬಂದ. ನಾನು ಬಾಗ್ಲು ತೆಗೀನಿಲ್ಲ. ಓದ ವರ್ಷ ಸತ್ತನಂತೆ."

ನನಗೆ ಇನ್ನು ತಡೆಯಲಾಗಲಿಲ್ಲ. ಹುಣಸೆಮರ, ಪೊಲೀಸಿನವನು, ನನ್ನ ಜಂಬ, ಎಲ್ಲ ಹೇಳಿದೆ. ಅಳುತ್ತಾ ಹೇಳಿದೆ. ಹೇಳುತ್ತಿದ್ದಷ್ಟು ಹೊತ್ತೂ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಮುಗಿದ ಮೇಲೂ ತೆರೆಯಲಿಲ್ಲ.

"ಊರನ್ನೆಲ್ಲ ಅನುಮಾನಿಸ್ದೆ" ಅಂದರು ಕೊನೆಗೆ. "ನನ್ನ ಮಕ್ಕಳನ್ನ ಮಾತ್ರ ಅನುಮಾನಿಸ್ನಿಲ್ಲ. ಆವತ್ತು ನಿನ್ನ ಕಾಲು ನೋಡ್ಬೇಕಾಗಿತ್ತು. ಆ ಕೆಂಪಕ್ಷರ ನೋಡ್ತಾ ನಿಂತ್ಬುಟ್ಟೆ. ಅಯ್ಯೋ ಬಸವಣ್ಣ."

ಬೈಯಲಿ ಅಂತ ಕಾಯುತ್ತಿದ್ದೆ. ಅವರು ಎರಡೂ ಕಿವಿಗೆ ಬೆರಳು ತುರುಕಿಕೊಂಡು, "ನಡಿ" ಅಂದರು.

"ಸಾರ್?"

"ನಾನು ನೋಡೇ ಇಲ್ವಲ್ಲ. ನಡಿ."

ಸುತ್ತ ಜನ. ನಾನು ಇಪ್ಪತ್ತೆರಡು ವರ್ಷದ ಟೀಚರಮ್ಮ, ಇಸ್ತ್ರಿ ಮಾಡಿದ ಸೀರೆ. ಅವರ ಕೈಚೀಲವನ್ನೇ ಹೆಗಲಿಗೆ ಹಾಕಿಕೊಂಡೆ. ಹತ್ತು ಹೆಜ್ಜೆ ನಡೆದೆ, ನಿಂತೆ. ಗಲ್ಲ ಎತ್ತಿದೆ. ಬಸ್ಸಿನ ಹೊಗೆಯ ನಡುವೆ ಗಾಳಿ ಎತ್ತಲಿಂದ ಅಂತ ಹುಡುಕಿದೆ. ಕಡ್ಲೆಕಾಯಿ ಮಾರುವವಳು ಬಾಯಿ ಬಿಟ್ಟುಕೊಂಡು ನೋಡಿದಳು. ವಾಪಸ್ಸು ತಿರುಗಿದಾಗ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು.

"ನಂಬ್ದೆ ಕಣವ್ವ" ಅಂದರು. "ಆ ಪೊಲೀಸಿನೋನು ಏನ್ಮಾಡಾನು, ಯಾರಾದ್ರೂ ನಂಬೋರೆ." ಆಮೇಲೆ ಕೇಳಿದರು: "ಅವ್ನು ಈಗ ಎಂಗೆ ನಡೀತಾನೆ?"

"ಎಡಗಾಲು ಎಳೀತಾನೆ ಸಾರ್. ಈ ನಡಿಗೆ ಈಗಿಲ್ಲ."

"ಅವ್ನಿಗೆ ತೋರ್ಸಿದ್ಯಾ?"

"ಇಲ್ಲ."

"ಮತ್ತೆ ನಂಗ್ಯಾಕೆ ಯೋಳ್ತಿದ್ದೀಯ?"

ಕೊಳ್ಳೇಗಾಲದ ಬಸ್ಸು ಬಂತು. ಕೈಚೀಲ ತೆಗೆದುಕೊಂಡು, ಡ್ರೈವರನ್ನು ಒಂದು ಸಲ, ಕಂಡಕ್ಟರನ್ನು ಒಂದು ಸಲ ಕೇಳಿ ಹತ್ತಿದರು. ಕಿಟಕಿಯಿಂದ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

ಆರು ತಿಂಗಳಾಗಿರಲಿಲ್ಲ, ಮೇಷ್ಟ್ರು ತೀರಿಕೊಂಡ ಸುದ್ದಿ ಸಿದ್ದರಾಜು ಫೋನು ಮಾಡಿ ಹೇಳಿದ. ಅಷ್ಟು ದಿನವೂ ನಾಳೆ ನಾಳೆ ಅಂತ ದೂಡಿದ್ದೆ. ಆ ದಿನ ಊರಿಗೆ ಹೋದೆ. ಇಳಿಹೊತ್ತಿನಲ್ಲಿ ಚಿಕ್ಕಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಮೂಲೆಯಲ್ಲಿದ್ದ ರಾಗಿ ಚೀಲ ಹೆಗಲಿಗೆ ಎತ್ತಿಕೊಂಡು ಅವನ ಮುಂದೆ ಅಂಗಳದಲ್ಲಿ ನಡೆದೆ. ನಿಂತೆ, ಮೂಗೆತ್ತಿದೆ, ಹೆಗಲು ಕುಪ್ಪಳಿಸಿದೆ, ಮತ್ತೆ ನಡೆದೆ. ಅವನ ಕೈಯಲ್ಲಿ ಹಗ್ಗ ನಿಂತಿತು.

"ನಾನು ಇಂಗೆ ನಡೀತಿದ್ನಾ ಅಮ್ಮಿ?"

"ಇಂಗೇ ಚಿಕ್ಕಪ್ಪ. ಕವಲಲ್ಲಿ ಪೊಲೀಸ್ನೋರಿಗೆ ನಾನೇ…"

"ಗೊತ್ತು" ಅಂದ. "ಅಲ್ಲಿ ಪೊಲೀಸ್ನೋನೊಬ್ಬ ನನ್ನ ಮುಂದೇನೇ ನಡೆದು ತೋರ್ಸ್ದ. ನಿಮ್ಮನೆ ಹೆಣ್ಮೊಗ ಇಂಗೆ ನಡೀತು ಅಂದ."

ನನಗೆ ಚೀಲ ಇಳಿಸಲೂ ಮರೆತುಹೋಯಿತು. ಎಂಟು ವರ್ಷ! "ಮತ್ತೆ ಯಾಕೆ ಯೋಳ್ನಿಲ್ಲ? ಮೇಷ್ಟ್ರನ್ನ ಊರೆಲ್ಲ ಬೈತಿತ್ತಲ್ಲ ಚಿಕ್ಕಪ್ಪ!"

ಅವನು ಹಗ್ಗದ ಎಳೆಗಳನ್ನು ಬಿಡಿಸಿ, ಮತ್ತೆ ಸೇರಿಸಿ, ಹೊಸೆಯಲು ಶುರುಮಾಡಿದ.

"ನಾನು ಬರೋದ್ರೊಳ್ಗೆ ಮೇಷ್ಟ್ರು ಓಗಾಗಿತ್ತು" ಅಂದ. "ನೀನು ಇಲ್ಲೇ ಬಾಳ್ಬೇಕಿತ್ತಲ್ಲ ಮೊಗ."